ಬೀಜ ಬೇರೆ, ಬಾಟ್ಲಿ ಬೇರೆ

ಭಾಗ 1

ಮೊದಲ ಫೋಟೋದಲ್ಲಿರೋದು ನಮ್ಮಮ್ಮನ ಎಡಗೆನ್ನೆ. ಫಿಲ್ಟರ್ ಇಲ್ಲ. ಅಮ್ಮನ್ನ ಕೇಳಿಯೇ ಹಾಕಿದ್ದೀನಿ. "ಕಣ್ಣು ಕಾಣಬಾರ್ದು, ಮೂಗುಬೊಟ್ಟು ಕಾಣಬಾರ್ದು, ಕಲೆ ಮಾತ್ರ ಕಾಣ್ಲಿ" ಅಂದ್ಲು. ಹಂಗೇ ಕ್ರಾಪ್ ಮಾಡಿದ್ದೀನಿ. ಕಣ್ಣಿನ ಕೆಳಗಿಂದ ದವಡೆವರೆಗೂ ಇಳಿದಿರೋ ಆ ಕಂದು ಪಟ್ಟೆ ಬಂಗು ಅಲ್ಲ, ವಯಸ್ಸಿಗೆ ಬಂದ ಕಲೆಯೂ ಅಲ್ಲ. ಅದನ್ನ ಮಾಡಿದ್ದು ನಾನು.

ಏಪ್ರಿಲ್‌ನಲ್ಲಿ ನಾನೊಂದು ರೀಲ್ ಹಾಕಿದ್ದೆ, ನೆನಪಿದೆಯಾ? "600 ರೂಪಾಯಿ ಸೀರಮ್ ಯಾಕೆ, 60 ರೂಪಾಯಿ ಬೀಜ ಸಾಕು" ಅಂತ. ಕ್ಲಾಸಿನವರು ಸುಮಾರು ಜನ ಶೇರ್ ಮಾಡಿದ್ರಿ. ನನ್ನ ಬೇರೆ ರೀಲ್‌ಗೆ 200 ವ್ಯೂ ಬಂದ್ರೆ ಹಬ್ಬ. ಇದು 11,000 ದಾಟ್ತು. ಈಗ ಆ ರೀಲ್ ನನ್ನ ಪೇಜಲ್ಲಿ ಇಲ್ಲ, ಡಿಲೀಟ್ ಮಾಡಿದ್ದೀನಿ. ಆದ್ರೆ ಸೇವ್ ಮಾಡ್ಕೊಂಡಿರೋರು, ಸ್ಕ್ರೀನ್ ರೆಕಾರ್ಡ್ ಮಾಡಿ ಫ್ಯಾಮಿಲಿ ಗ್ರೂಪಿಗೆ ಕಳ್ಸಿರೋರು ಇದ್ದೀರಿ. ನನ್ನ ಸ್ವಂತ ಚಿಕ್ಕಮ್ಮನೇ ಕಳ್ಸಿದ್ದಾರೆ. ಅದಕ್ಕೇ ಈ ಸರಣಿ. ಉದ್ದ ಇದೆ, ಓದೋಕೆ ಟೈಮ್ ಇಲ್ಲ ಅಂದ್ರೆ ಒಂದು ಮಾತು ಮಾತ್ರ ತಗೊಂಡು ಹೋಗಿ: ಬಾವಂಚಿ ಬೀಜದ ಪುಡಿನಾಗ್ಲಿ, ಅದರ ಎಣ್ಣೆನಾಗ್ಲಿ ಮುಖಕ್ಕೆ ಹಚ್ಕೊಂಡು ಬಿಸಿಲಿಗೆ ಹೋಗಬೇಡಿ. ಈಗಾಗ್ಲೇ ಹಚ್ಕೊಂಡಿದ್ರೆ ತೊಳ್ಕೊಳ್ಳಿ, ಎರಡು ಮೂರು ದಿನ ಒಳಗೇ ಇರಿ. ಉರಿ, ಗುಳ್ಳೆ ಬಂದ್ರೆ ಚರ್ಮದ ಡಾಕ್ಟ್ರ ಹತ್ರ ಹೋಗಿ, ನನಗೆ ಡಿಎಂ ಮಾಡಿ ಕಾಯ್ತಾ ಕೂರಬೇಡಿ.

ಭಾಗ 2

ಹೊರಗಿನ ಫಾಲೋವರ್ಸ್‌ಗೆ ಸ್ವಲ್ಪ ಊರಿನ ಕಥೆ. ಕ್ಲಾಸಿನವರು ಬೇಕಾದ್ರೆ ಸ್ಕಿಪ್ ಮಾಡಿ.

ಕೆಜಿಎಫ್‌ನ ಚಿನ್ನದ ಗಣಿ ಮುಚ್ಚಿದ್ದು 2001ರ ಫೆಬ್ರವರಿ 28ಕ್ಕೆ. ನಾನಾಗ ಹುಟ್ಟಿರಲಿಲ್ಲ. ನಾನು ನೋಡಿರೋ ಕೆಜಿಎಫ್ ಅಂದ್ರೆ ತುಕ್ಕು ಹಿಡಿದ ಶಾಫ್ಟುಗಳು, ಗಾಳಿ ಬೀಸಿದ್ರೆ ಒಣಗಾಕಿರೋ ಬಟ್ಟೆಗೆಲ್ಲ ಧೂಳು ತರೋ ಸೈನೈಡ್ ದಿಬ್ಬಗಳು, ಮತ್ತೆ ರೈಲು. ಗಣಿ ಹೋದ ಮೇಲೆ ಊರಿನ ಹೊಟ್ಟೆಪಾಡು ರೈಲು ಹತ್ತಿತು. ಬೆಳಗ್ಗೆ ಮಾರಿಕುಪ್ಪಂನಿಂದ ಹೊರಟ ಗಾಡಿ ಚಾಂಪಿಯನ್, ಊರಿಗಾಂ, ಕೋರಮಂಡಲ್‌ನಲ್ಲಿ ಜನ ತುಂಬ್ಕೊಂಡು ಬಂಗಾರಪೇಟೆಗೆ ಬರೋಷ್ಟರಲ್ಲಿ ಕಾಲಿಡೋಕೆ ಜಾಗ ಇರಲ್ಲ. ಅಮ್ಮ ಮಾರಿಕುಪ್ಪಂನಲ್ಲೇ ಹತ್ತೋದ್ರಿಂದ ಅವಳಿಗೆ ಕಿಟಕಿ ಪಕ್ಕ ಸೀಟು ಸಿಗುತ್ತೆ. ಎಡಗಡೆ ಕಿಟಕಿ. 12 ವರ್ಷದಿಂದ ಅದೇ ಬೋಗಿ, ಅದೇ ಗುಂಪು, ಹೂ ಕಟ್ಟೋದು, ಅವರೆಕಾಯಿ ಸುಲಿಯೋದು ಎಲ್ಲ ಅಲ್ಲೇ.

ಅವಳ ಕೆಲ್ಸ ಬೆಂಗಳೂರಲ್ಲಿ ಒಂದು ಸೀರೆ ಅಂಗಡಿ. ಹೆಸ್ರು ಬೇಡ. ಕೌಂಟರಲ್ಲಿ ನಿಂತು ಸೀರೆ ಬಿಚ್ಚಿ ತೋರಿಸೋದು. ಒಂದು ಮದುವೆ ಪಾರ್ಟಿ ಬಂದ್ರೆ ಎಪ್ಪತ್ತು ಎಂಬತ್ತು ಸೀರೆ ಬಿಚ್ಚಿ ಮಡಚ್ತಾಳೆ, ಮುಖದಲ್ಲಿ ನಗು ಹಂಗೇ ಇರುತ್ತೆ. ಕೌಂಟರಲ್ಲಿ ಇರೋರಿಗೆ ಮಾರಾಟದ ಮೇಲೆ ಇಷ್ಟು ಅಂತ ಇನ್ಸೆಂಟಿವ್ ಇದೆ. ನನ್ನ ಕಾಲೇಜ್ ಫೀಸು ಅದರಲ್ಲೇ.

ಈ ಮಾರ್ಚ್‌ನಲ್ಲಿ ಅಂಗಡಿಗೆ ಹೊಸ ಲೈಟು, ಹೊಸ ಕನ್ನಡಿ ಎಲ್ಲ ಹಾಕ್ಸಿದ್ರು. ಆಮೇಲೆ ಓನರ್ ಅಮ್ಮನ್ನ ಕರೆದು "ಮುಂದೆ ಸ್ವಲ್ಪ ಫ್ರೆಶ್ ಮುಖ ಇರ್ಲಿ ಅಂತ, ನೀವು ಗೋಡೌನ್ ನೋಡ್ಕೊಳ್ಳಿ ಅಕ್ಕಾ" ಅಂದ್ರಂತೆ. ಅಕ್ಕಾ ಅಂದೇ ಹೇಳಿದ್ದು. ಅಮ್ಮನಿಗೆ 46. ಗೋಡೌನಲ್ಲಿ ಇನ್ಸೆಂಟಿವ್ ಇಲ್ಲ.

ಅವಳೇನೂ ಅಳಲಿಲ್ಲ. ಆವತ್ತು ರಾತ್ರಿ ನಾನು ನೀರು ಕುಡಿಯೋಕೆ ಎದ್ದಾಗ ಬಚ್ಚಲ ಕನ್ನಡಿ ಮುಂದೆ ನಿಂತಿದ್ಲು. ಎರಡು ಕೈಯಿಂದ ಕೆನ್ನೆ ಚರ್ಮಾನ ಕಿವಿ ಕಡೆ ಎಳ್ದು ನೋಡ್ತಿದ್ಲು, ಬಿಡ್ತಿದ್ಲು, ಮತ್ತೆ ಎಳೀತಿದ್ಲು. ನಾನು ನೋಡಿದ್ದು ಅವಳಿಗೆ ಗೊತ್ತಾಗ್ಲಿಲ್ಲ. ಈ ಪೋಸ್ಟ್ ಓದಿದ್ರೆ ಗೊತ್ತಾಗುತ್ತೆ. ಸಾರಿ ಅಮ್ಮ.

ಭಾಗ 3

ನಾನು ಫೈನಲ್ ಇಯರ್ ಬಿಎಸ್ಸಿ, ಕೆಮಿಸ್ಟ್ರಿ ಇದೆ, ಬಾಟನಿ ಇದೆ. ಅಂದ್ರೆ ನನಗೆ ಎಲ್ಲ ಗೊತ್ತು ಅನ್ನೋ ಕಾಯಿಲೆಯೂ ಇದೆ.

ಫೋನಲ್ಲಿ ಎಲ್ಲಿ ನೋಡಿದ್ರೂ ಬಾಕುಚಿಯಾಲ್. ಸುಕ್ಕು ಕಮ್ಮಿ ಮಾಡುತ್ತೆ, ಕಲೆ ತಿಳಿ ಮಾಡುತ್ತೆ, ರೆಟಿನಾಲ್ ತರ ಉರಿಯಲ್ಲ, ಗಿಡದಿಂದ ಬಂದಿದ್ದು. 30 ಎಂಎಲ್ ಬಾಟ್ಲಿಗೆ 600 ರೂಪಾಯಿ ಹತ್ರ. ಅಮ್ಮನಿಗೆ ತೋರಿಸಿದ್ರೆ "ಇಷ್ಟಕ್ಕೆ ಒಂದು ತಿಂಗ್ಳು ಹಾಲು ಬರುತ್ತೆ ಕಣೇ" ಅಂದ್ಲು. ನಾನು ಹೆಸರಿನ ಜಾಡು ಹಿಡಿದೆ. ಬಾಕುಚಿ ಅನ್ನೋದು ಸಂಸ್ಕೃತ. ಕನ್ನಡದಲ್ಲಿ ಬಾವಂಚಿ, ಸೋಮರಾಜಿ ಅಂತಲೂ ಅಂತಾರೆ. ತೆಲುಗಲ್ಲಿ ಬಾವಂಚಾಲು. ತಮಿಳಲ್ಲಿ ಕಾರ್ಪೋಕರಿಸಿ. ನಮ್ಮೂರಲ್ಲಿ ಒಂದೇ ಬೀದಿಯಲ್ಲಿ ಮೂರು ಹೆಸರೂ ಕೇಳ್ಬೋದು. ತೊಗರಿ, ಹುರಳಿ ಜಾತಿಯದೇ ಗಿಡ, ಸೊಂಟದೆತ್ತರ ಬೆಳೆಯುತ್ತೆ, ಎಲೆ ಮೇಲೆಲ್ಲ ಸಣ್ಣ ಸಣ್ಣ ಚುಕ್ಕಿ, ನೇರಳೆ ಹೂವು, ಕಪ್ಪಗಿರೋ ಪುಟ್ಟ ಕಾಯಿ, ಒಂದು ಕಾಯಿಗೆ ಒಂದೇ ಬೀಜ.

ರಾಬರ್ಟ್‌ಸನ್‌ಪೇಟೆ ಮಾರ್ಕೆಟ್ ಹತ್ರ ಗ್ರಂಧಿಗೆ ಅಂಗಡಿಯಲ್ಲಿ ಕೇಳಿದೆ. ಪೇಪರಲ್ಲಿ ಕಟ್ಟಿ ಕೊಟ್ರು, 100 ಗ್ರಾಂ 60 ರೂಪಾಯಿ. ಎಷ್ಟು ಖುಷಿ ಆಯ್ತು ಅಂದ್ರೆ, ದೊಡ್ಡ ಕಂಪನಿಗಳು ಬಚ್ಚಿಟ್ಟಿರೋ ಗುಟ್ಟನ್ನ ನಾನೊಬ್ಬಳೇ ಕಂಡುಹಿಡಿದೆ ಅನ್ನೋ ಹಂಗೆ. ಮಿಕ್ಸಿಗೆ ಹಾಕಿ ಪುಡಿ ಮಾಡಿದೆ, ಕೊಬ್ರಿ ಎಣ್ಣೆಯಲ್ಲಿ ಕಲಸಿ, ಸಣ್ಣ ಉರೀಲಿ ಬೆಚ್ಚಗೆ ಮಾಡಿ, ಮೂರು ದಿನ ನೆನೆಸಿ, ಹಳೇ ವೇಲಲ್ಲಿ ಸೋಸಿದೆ. ಕಂದು ಬಣ್ಣದ, ಒಂಥರಾ ಕಹಿ ವಾಸನೆ ಎಣ್ಣೆ ಬಂತು. ಲೇಬಲ್ ಕೂಡ ಅಂಟಿಸಿದೆ.

ಸೋಮವಾರ ಬೆಳಗ್ಗೆ ಅಮ್ಮ ರೈಲಿಗೆ ಹೊರಡೋ ಮುಂಚೆ ನಾನೇ ಕೂರಿಸಿ ಕೆನ್ನೆಗೆ, ಹಣೆಗೆ ಹಚ್ಚಿದೆ. "ತೊಳೀಬೇಡ, ಹಂಗೇ ಹೋಗು, ಚರ್ಮ ಎಳ್ಕೊಳ್ಳಲಿ" ಅಂದೆ. ಆವತ್ತು ಮಧ್ಯಾಹ್ನ ಗೋಡೌನಿಗೆ ಲೋಡ್ ಬಂದಿತ್ತಂತೆ, ಲಾರಿ ಪಕ್ಕ ನಿಂತು ಮೂಟೆ ಎಣಿಸಿದ್ದಾಳೆ. ಏಪ್ರಿಲ್ ಬಿಸಿಲು. ಮಂಗಳವಾರ ಮತ್ತೆ ಹಚ್ಚಿದೆ. ಸೋಮವಾರ ಸಂಜೆಗೇ ರೀಲ್ ಹಾಕಿ ಆಗಿತ್ತು. ಒಂದೇ ದಿನ ಹಚ್ಚಿ "ರಿಸಲ್ಟ್ ನೋಡಿ" ಅಂದಿದ್ದೆ. ರಿಸಲ್ಟ್ ಅಂದ್ರೆ ಎಣ್ಣೆ ಮಿನುಗು, ಅಷ್ಟೇ.

ಭಾಗ 4

ಬುಧವಾರ ಬೆಳಗ್ಗೆ ಅಮ್ಮ ಎದ್ದಾಗ ಎಡಗೆನ್ನೆ ಕೆಂಪಗೆ ಊದಿತ್ತು. ನೀರು ತಾಕಿದ್ರೆ ಉರಿ. ಸಂಜೆಗೆ ಸಣ್ಣ ಸಣ್ಣ ನೀರುಗುಳ್ಳೆ ಎದ್ವು. ಬಲಗಡೆ ಅಷ್ಟಿಲ್ಲ, ಹಣೆ ಮೇಲೆ ಸ್ವಲ್ಪ. ಕಿಟಕಿ ಕಡೆ ಕೆನ್ನೆಗೇ ಜಾಸ್ತಿ ಆಗಿತ್ತು. ಆದ್ರೂ ನನಗೆ ಹೊಳೀಲಿಲ್ಲ. ಹಚ್ಚಿದ್ದು ಸೋಮವಾರ, ಉರಿ ಬಂದಿದ್ದು ಬುಧವಾರ, ಎಣ್ಣೆಯಿಂದ ಆಗಿದ್ರೆ ಆಗ್ಲೇ ಆಗಬೇಕಿತ್ತಲ್ಲ ಅಂದ್ಕೊಂಡೆ. ಗೋಡೌನ್ ಧೂಳು ಅಲರ್ಜಿ ಅಂದೆ. ಅಮ್ಮ ನಂಬಿದ್ಲು.

ಪಕ್ಕದ ಮನೆ ಪಾಟಿ ನೋಡಿದ ತಕ್ಷಣ ಕೇಳಿದ್ದು ಒಂದೇ ಮಾತು. "ಮುಖಕ್ಕೆ ಏನು ಹಾಕಿದ್ದು ಕಣ್ಣು?"

ನಾನು ಬಾಟ್ಲಿ ತಂದು ತೋರಿಸಿದೆ. ಪಾಟಿ ಮೂಸಿ ನೋಡಿದ್ರು. "ಕಾರ್ಪೋಕರಿಸಿ. ಬರೀ ಇದೇನಾ? ಇದನ್ನ ಹಾಕಿ ಬಿಸಿಲಿಗೆ ಕಳ್ಸಿದ್ಯಾ?"

ಪಾಟಿಗೆ ಗೊತ್ತಿದ್ದದ್ದು ಹೇಗೆ ಅಂದ್ರೆ ಎರಡು ದಾರಿಯಿಂದ. ಒಂದು, ಅವರ ಮನೆ ನಲಂಗು ಮಾವು. ನಮ್ಮೂರ ತಮಿಳು ಮನೆಗಳಲ್ಲಿ ಹೆಣ್ಣುಮಕ್ಕಳಿಗೆ, ಮಕ್ಕಳಿಗೆ ಸ್ನಾನಕ್ಕೆ ಹಚ್ಚೋ ಪುಡಿ. ಹೆಸರುಕಾಳು, ಕಸ್ತೂರಿ ಅರಿಶಿನ, ಲಾವಂಚ, ಆವರಿಕೆ ಹೂವು, ಒಣಗಿಸಿದ ಗುಲಾಬಿ ಎಲ್ಲ ಮಿಲ್‌ಗೆ ಹಾಕ್ಸಿ ದೊಡ್ಡ ಡಬ್ಬದಲ್ಲಿ ಇಡ್ತಾರೆ. ಕಾರ್ಪೋಕರಿಸಿ ಅದರಲ್ಲೂ ಇರುತ್ತೆ. ಆದ್ರೆ ಪಾಟಿ ಒಂದು ಇಡೀ ಡಬ್ಬಕ್ಕೆ ಹಾಕೋದು ಒಂದು ಸಣ್ಣ ಹಿಡಿ, ಹಚ್ಚಿ ಸ್ವಲ್ಪ ಹೊತ್ತಿಗೇ ತೊಳೆದುಬಿಡ್ತಾರೆ. ನಾನು ಬರೀ ಬೀಜದ ಎಣ್ಣೆ ಮಾಡಿ, ತೊಳೀಬೇಡ ಅಂತ ಹೇಳಿ ಕಳ್ಸಿದ್ದೆ.

ಇನ್ನೊಂದು ದಾರಿ ಅವರ ತಂಗಿ. ಚಿಕ್ಕ ವಯಸ್ಸಲ್ಲೇ ಆಕೆಗೆ ಕೈ ಮೇಲೆ, ಬಾಯಿ ಸುತ್ತ ತೊನ್ನು ಬಂದಿತ್ತಂತೆ. ನಾಟಿ ವೈದ್ಯರೊಬ್ಬರು ಇದೇ ಬೀಜ ಅರೆದು ಹಚ್ಚಿ ಬೆಳಗಿನ ಬಿಸಿಲಲ್ಲಿ ಕೂರ್ಸೋಕೆ ಹೇಳಿದ್ರು. ಲೆಕ್ಕ ಹಾಕಿ ಕೂರ್ಸಬೇಕು. ಒಂದಿನ ಮನೆಯವರು ಮರೆತು ಜಾಸ್ತಿ ಹೊತ್ತು ಬಿಟ್ಟುಬಿಟ್ರು. "ಎಣ್ಣೆ ಹಾರಿದಂಗೆ ಗುಳ್ಳೆ" ಅಂತ ಪಾಟಿ ತಮ್ಮ ಮಣಿಕಟ್ಟು ತೋರಿಸಿದ್ರು, ತಂಗಿಯ ಕೈ ತಮ್ಮದೇ ಅನ್ನೋ ಹಂಗೆ. ಅಲ್ಲಿ ಆ ಬೀಜ ಬೇಕಾಗಿದ್ದೇ ಬಿಸಿಲಿನ ಜೊತೆ ಸೇರಿ ಚರ್ಮಕ್ಕೆ ಬಣ್ಣ ತರೋದಕ್ಕೆ. ನಾನು ಅದನ್ನ ಕಲೆ ಹೋಗಲಿ ಅಂತ ಹಚ್ಚಿದ್ದೆ!

ಈಗ ನಾನು ಯಾರಿಗೂ ಹೇಳದ ಭಾಗ. ಪಾಟಿ ಹೇಳಿದ್ದು ಬುಧವಾರ ರಾತ್ರಿ. ಆವತ್ತೇ ಕೂತು ಓದಿದೆ, ಅರ್ಥ ಆಯ್ತು. ರೀಲ್ ಡಿಲೀಟ್ ಮಾಡಿದ್ದು ಶನಿವಾರ. ನಡುವೆ ಗುರುವಾರ, ಶುಕ್ರವಾರ. ಆ ಎರಡು ದಿನದಲ್ಲಿ ವ್ಯೂ 6,000ದಿಂದ 11,000ಕ್ಕೆ ಹೋಯ್ತು. ನಾನು ರಿಫ್ರೆಶ್ ಮಾಡಿ ಮಾಡಿ ನೋಡ್ತಿದ್ದೆ. ಕಾಮೆಂಟಲ್ಲಿ "ಬಿಸಿಲಲ್ಲಿ ಹುಷಾರು" ಅಂತ ಒಂದು ಸಾಲು ಹಾಕಿದ್ರೆ ಸಾಕು ಅಂದ್ಕೊಂಡೆ, ಅದನ್ನೂ ಹಾಕಲಿಲ್ಲ. ಪಕ್ಕದ ರೂಮಲ್ಲಿ ಅಮ್ಮ ಕೆನ್ನೆಗೆ ಒದ್ದೆ ಬಟ್ಟೆ ಇಟ್ಕೊಂಡು ಮಲಗಿದ್ಲು.

ಶನಿವಾರ ಡಿಲೀಟ್ ಮಾಡಿದ್ದು ಕೂಡ ನನ್ನ ಒಳ್ಳೇತನಕ್ಕಲ್ಲ. ಬಂಗಾರಪೇಟೆಯಿಂದ ಒಂದು ಡಿಎಂ ಬಂತು. ನಮ್ಮ ಕಾಲೇಜಿನ ಜೂನಿಯರ್. ಬರೀ ಫೋಟೋ, ಕೆಳಗೆ "ಅಕ್ಕಾ ಇದು ನಾರ್ಮಲ್ಲಾ?"

ಭಾಗ 5

ಜೂನಿಯರ್ ವಿಷಯ ಮುಂದಿನ ಪೋಸ್ಟ್‌ನಲ್ಲಿ. ಅದಕ್ಕೆ ಮುಂಚೆ ಆ ಬೀಜದೊಳಗೆ ಏನಿದೆ ಅಂತ ಹೇಳಿಬಿಡ್ತೀನಿ, ಇಲ್ಲಾಂದ್ರೆ ಯಾರೋ "ನ್ಯಾಚುರಲ್ ಅಲ್ವಾ, ಏನಾಗುತ್ತೆ" ಅಂತ ಮತ್ತೆ ಶುರು ಮಾಡ್ತಾರೆ.

ಬಾವಂಚಿ ಬೀಜದಲ್ಲಿ ಬಾಕುಚಿಯಾಲ್ ಇದೆ, ಸುಳ್ಳಲ್ಲ. ಆದ್ರೆ ಅದೊಂದೇ ಇಲ್ಲ. ಸೊರಾಲೆನ್ ಅನ್ನೋದೂ ಇದೆ. ಗಿಡದ ಸೈಂಟಿಫಿಕ್ ಹೆಸರು ಸೊರಾಲಿಯಾ ಕೊರಿಲಿಫೋಲಿಯಾ, ಸೊರಾಲೆನ್‌ಗೆ ಹೆಸರು ಬಂದಿದ್ದೇ ಅಲ್ಲಿಂದ. ಈ ಬೀಜದಿಂದ ಅದನ್ನ ಬೇರ್ಪಡಿಸಿ 1933ರಲ್ಲಿ ಇಂಡಿಯನ್ ಕೆಮಿಕಲ್ ಸೊಸೈಟಿಯ ಜರ್ನಲ್‌ನಲ್ಲಿ ಬರೆದವರು ಜೋಯಿಸ್, ಮಂಜುನಾಥ್, ವೆಂಕಟರಾವ್. ಹೆಸರು ಓದಿದ್ರೆ ನಮ್ಮ ಲೆಕ್ಚರರ್‌ಗಳ ಹಾಜರಿ ಪಟ್ಟಿ ಓದಿದಂಗಿದೆ. ಬಾಕುಚಿಯಾಲ್ ಸಿಕ್ಕಿದ್ದು ಅದಾಗಿ 33 ವರ್ಷದ ಮೇಲೆ, 1966ರಲ್ಲಿ, ಪುಣೆಯ ನ್ಯಾಷನಲ್ ಕೆಮಿಕಲ್ ಲ್ಯಾಬೊರೇಟರಿಯಲ್ಲಿ. ಗೋವರ್ಧನ್ ಮೆಹ್ತಾ, ನಾಯಕ್, ಸುಖ್ ದೇವ್ ಅಂತ ಮೂರು ಜನ. ಆ ಮೆಹ್ತಾ ಅವರೇ ಆಮೇಲೆ 1998ರಿಂದ 2005ರವರೆಗೆ ಬೆಂಗಳೂರಿನ ಐಐಎಸ್‌ಸಿ ಡೈರೆಕ್ಟರ್ ಆಗಿದ್ದವರು. ಕೊರಿಯನ್ ಸ್ಕಿನ್‌ಕೇರ್ ವಿಡಿಯೋದಲ್ಲಿ ಈ ಹೆಸರು ಕೇಳಿ ಕೊರಿಯಾದ್ದೇ ಅಂದ್ಕೊಂಡೋರು ನಮ್ಮ ಕ್ಲಾಸಲ್ಲೇ ಇದ್ದೀರಿ, ಹೆಸರು ಹೇಳಲ್ಲ.

ಸೊರಾಲೆನ್ ಏನು ಮಾಡುತ್ತೆ ಅಂದ್ರೆ, ಚರ್ಮದ ಜೀವಕೋಶದ ಒಳಗೆ ಹೋಗಿ ಡಿಎನ್‌ಎ ಮೆಟ್ಟಿಲುಗಳ ಮಧ್ಯೆ ಸೇರ್ಕೊಂಡು ಸುಮ್ನಿರುತ್ತೆ. ಕತ್ತಲಲ್ಲಿ ಹೆಚ್ಚೇನೂ ತೊಂದರೆ ಇಲ್ಲ. ಬಿಸಿಲಿನ ಯುವಿಎ ಕಿರಣ ಬಿದ್ದ ತಕ್ಷಣ ಡಿಎನ್‌ಎಗೆ ಗಟ್ಟಿಯಾಗಿ ಅಂಟ್ಕೊಳ್ಳುತ್ತೆ. ಕೋಶ ಸಾಯುತ್ತೆ, ಚರ್ಮ ಸುಡುತ್ತೆ. ಈ ಸುಡೋದು ಸಾಮಾನ್ಯ ಬಿಸಿಲ ಉರಿ ತರ ಆವತ್ತೇ ಕಾಣಲ್ಲ. ಒಂದು ದಿನ ಬಿಟ್ಟು ಶುರುವಾಗಿ ಎರಡು ಮೂರು ದಿನಕ್ಕೆ ಜಾಸ್ತಿ ಆಗುತ್ತೆ. ಸೋಮವಾರ ಹಚ್ಚಿದ್ದು ಬುಧವಾರ ಊದಿದ್ದು ಅದಕ್ಕೇ. ಗಾಯ ಮಾಗಿದ ಮೇಲೆ ಅಲ್ಲಿ ಕಂದು ಕಲೆ ಉಳಿಯುತ್ತೆ, ವಾರಗಟ್ಟಲೆ, ಕೆಲವರಿಗೆ ತಿಂಗಳುಗಟ್ಟಲೆ. ನಿಂಬೆ ಸಿಪ್ಪೆಯಲ್ಲೂ ಇದೇ ಜಾತಿಯ ವಸ್ತು ಇದೆ. ನಿಂಬೆರಸ ಹಚ್ಕೊಂಡು ಬಿಸಿಲಿಗೆ ಹೋಗಿ ಸುಟ್ಕೊಂಡೋರ ಕಥೆ ಚರ್ಮದ ಡಾಕ್ಟ್ರುಗಳ ಹತ್ರ ಬೇಕಾದಷ್ಟಿದೆ. ಆ ಟಿಪ್ ಕೊಡೋ ಪೇಜುಗಳನ್ನೂ ಸ್ವಲ್ಪ ಅನ್‌ಫಾಲೋ ಮಾಡಿ.

ಆಸ್ಪತ್ರೆಗಳಲ್ಲಿ ಇದನ್ನೇ ಔಷಧ ಮಾಡ್ಕೊಂಡಿದ್ದಾರೆ. ಸೊರಾಲೆನ್ ಕೊಟ್ಟು, ಯುವಿಎ ಲೈಟಿನ ಕೆಳಗೆ ಅಳತೆ ಮಾಡಿ ನಿಲ್ಲಿಸೋ ಚಿಕಿತ್ಸೆ, ಪುವಾ ಅಂತಾರೆ. ತೊನ್ನಿಗೆ, ಸೋರಿಯಾಸಿಸ್‌ಗೆ. ಅಲ್ಲಿ ಡೋಸು ಇದೆ, ಟೈಮರ್ ಇದೆ, ಡಾಕ್ಟ್ರು ಇದ್ದಾರೆ. ಆಯುರ್ವೇದದಲ್ಲೂ ಈ ಬೀಜಾನ ಹಂಗೇ ಬಳಸಲ್ಲ, ಗೋಮೂತ್ರದಲ್ಲೋ ಶುಂಠಿ ರಸದಲ್ಲೋ ದಿನಗಟ್ಟಲೆ ನೆನೆಸಿ ಶುದ್ಧಿ ಮಾಡೋ ಕ್ರಮ ಇದೆ. ನನ್ನ ಹತ್ರ ಮಿಕ್ಸಿ ಇತ್ತು.

ಇನ್ನೊಂದು. ಕೆಲವರು ರೀಲ್ ಕೆಳಗೆ "ತಿನ್ನಬಹುದಾ?" ಅಂತ ಕೇಳಿದ್ರಿ. ಬೇಡ. ಬಾವಂಚಿ ಬೀಜ ಹೊಟ್ಟೆಗೆ ತಗೊಂಡು ಲಿವರ್‌ಗೆ ಪೆಟ್ಟಾದ ಪ್ರಕರಣಗಳು ವೈದ್ಯಕೀಯ ಜರ್ನಲ್‌ಗಳಲ್ಲಿ ವರದಿಯಾಗಿವೆ.

ಭಾಗ 6

ಜೂನಿಯರ್‌ದು ಅಮ್ಮನಷ್ಟು ಜೋರಾಗಿ ಆಗಿರಲಿಲ್ಲ. ಮೂಗಿನ ಎರಡೂ ಕಡೆ, ಹಣೆ ಮೇಲೆ ಕೆಂಪು, ಎರಡು ಗುಳ್ಳೆ. ಅವಳಿಗೆ 19. ಸುಕ್ಕೇ ಇಲ್ಲದ ಮುಖಕ್ಕೆ ಯಾಕೆ ಹಚ್ಕೊಂಡೆ ಅಂತ ಕೇಳಿದ್ರೆ "ಬರದೇ ಇರ್ಲಿ ಅಂತ ಅಕ್ಕಾ" ಅಂದ್ಲು. ಮೇನಲ್ಲಿ ಅವಳ ಅಕ್ಕನ ಮದುವೆ.

ಡಿಎಂನಲ್ಲೇ ಸಾರಿ ಹೇಳಿ ಮುಗಿಸ್ಬೋದಿತ್ತು. ಅಮ್ಮ ಬಿಡಲಿಲ್ಲ. "ಮನೆಗೆ ಹೋಗಿ ಹೇಳು, ಅವರಮ್ಮನ ಮುಂದೆ ಹೇಳು" ಅಂದ್ಲು. ಭಾನುವಾರ ಸಂಜೆ ಬಸ್ಸಲ್ಲಿ ಬಂಗಾರಪೇಟೆಗೆ ಹೋದೆ. ಪಾನಿಪುರಿ ಗಾಡಿಗಳ ಮುಂದೆ ಎಂದಿನಂಗೆ ಜನ, ಆ ನೀರಿನಂತ ತಿಳಿ ಪಾನಿ, ಬೆಂಗಳೂರಿಂದ ಬಂದವರು ಫೋಟೋ ತೆಗೀತಿದ್ರು. ಯಾವಾಗ್ಲೂ ಅಲ್ಲಿ ನಿಲ್ದೆ ಮುಂದೆ ಹೋದವಳಲ್ಲ ನಾನು.

ಬಾಗ್ಲು ತೆಗೆದಿದ್ದು ಅವರಮ್ಮ. ನನ್ನ ಮುಖ ನೋಡಿದ್ರು. "ನೀನೇನಾ ಆ ವಿಡಿಯೋ ಹುಡ್ಗಿ?"

ಹೌದು ಆಂಟಿ ಅಂದೆ.

"ನೀನು ಹಚ್ಕೊಂಡು ನೋಡಿದ್ಯಾ ಮೊದ್ಲು?"

ಇಲ್ಲ ಆಂಟಿ ಅಂದೆ. ಆ ಪ್ರಶ್ನೆ ನನಗೆ ಅಲ್ಲಿವರೆಗೂ ಬಂದೇ ಇರಲಿಲ್ಲ. ನನ್ನ ಮುಖಕ್ಕೆ ನಾನು ಒಂದು ಹನಿ ಹಚ್ಕೊಂಡಿರಲಿಲ್ಲ. ಹಚ್ಕೊಂಡಿದ್ದು ಅಮ್ಮ, ರೀಲಲ್ಲಿ ಮಾತಾಡಿದ್ದು ನಾನು.

ಆಂಟಿ ಬೈಯ್ತಾರೆ ಅಂತ ಕಾಯ್ತಾ ಇದ್ದೆ. ಬೈದಿದ್ರೆ ಪರವಾಗಿರಲಿಲ್ಲ. ಅವರು ಒಳಗೆ ಕರೆದು ಕೂರಿಸಿ, ಮಗಳನ್ನ ಕರೆದು ಲೈಟ್ ಕೆಳಗೆ ನಿಲ್ಲಿಸಿ, "ಸರಿಯಾಗಿ ನೋಡು" ಅಂದ್ರು. ನೋಡಿದೆ. ಆಮೇಲೆ ಅಮ್ಮನಿಗೆ ತೋರಿಸಿದ್ದ ಡಾಕ್ಟ್ರ ಚೀಟಿ ಕೊಟ್ಟು, ಸೋಮವಾರ ನಾನೇ ಇವಳನ್ನ ಕರ್ಕೊಂಡು ಹೋಗ್ತೀನಿ ಅಂದೆ. ಹೋದ್ವಿ. ಡಾಕ್ಟ್ರು ಕ್ರೀಮ್ ಬರೆದುಕೊಟ್ರು, ಯಾವ್ದು ಅಂತ ಇಲ್ಲಿ ಹಾಕಲ್ಲ. ನೀವು ಅದನ್ನೂ ತಗೊಂಡು ಹಚ್ಕೊಳ್ತೀರಿ. ಮದುವೆ ಫೋಟೋದಲ್ಲಿ ಅವಳ ಹಣೆ ಮೇಲೆ ಮೇಕಪ್ ಕೆಳಗೂ ತೆಳ್ಳಗೆ ಕಲೆ ಕಾಣುತ್ತೆ. ನನ್ನನ್ನ ಮದುವೆಗೆ ಕರೆದಿದ್ರು. ಹೋಗಿದ್ದೆ. ಯಾರೋ ಅತ್ತೆ "ಹುಡ್ಗಿ ಮುಖಕ್ಕೆ ಏನಾಯ್ತು" ಅಂದಾಗ ನಾನು ಪಾಯಸದ ಸಾಲಿಗೆ ಹೋಗಿ ನಿಂತೆ.

ಭಾಗ 7

ಹಾಗಾದ್ರೆ ಬಾಟ್ಲಿಯಲ್ಲಿರೋ ಬಾಕುಚಿಯಾಲ್ ಕೂಡ ಮೋಸವಾ? ಇದನ್ನ ತುಂಬ ಜನ ಕೇಳಿದ್ರಿ. ಮೋಸ ಅಲ್ಲ. ಬಾಟ್ಲಿಗೆ ಹೋಗೋ ಬಾಕುಚಿಯಾಲನ್ನ ಬೀಜದಿಂದ ತೆಗೆದು, ಸೊರಾಲೆನ್ ಬೇರೆ ಮಾಡಿ, ಶುದ್ಧ ಮಾಡಿರ್ತಾರೆ. ಬಾಕುಚಿಯಾಲ್‌ಗೆ ತಾನಾಗಿ ಬಿಸಿಲಲ್ಲಿ ಸುಡೋ ಗುಣ ಇಲ್ಲ. ಅದರ ಕೆಮಿಸ್ಟ್ರಿ ರೆಟಿನಾಲ್ ತರ ಇಲ್ವೇ ಇಲ್ಲ, ಫಾರ್ಮುಲಾ ಸಿ18ಎಚ್24ಒ, ರೆಟಿನಾಲ್‌ದು ಸಿ20ಎಚ್30ಒ, ರಚನೆಯೂ ಬೇರೆ. ಆದ್ರೂ ಚರ್ಮದ ಕೋಶಗಳಲ್ಲಿ ರೆಟಿನಾಲ್ ಎಬ್ಬಿಸೋ ಜೀನ್‌ಗಳಲ್ಲಿ ಹಲವನ್ನ ಇದೂ ಎಬ್ಬಿಸುತ್ತೆ ಅಂತ 2014ರಲ್ಲಿ ಒಂದು ಪೇಪರ್ ಬಂತು. ಅಲ್ಲಿಂದ "ಗಿಡದ ರೆಟಿನಾಲ್" ಅನ್ನೋ ಹೆಸರು ಓಡಾಡ್ತಿದೆ.

ಎಲ್ಲರೂ ತೋರಿಸೋ ಪರೀಕ್ಷೆ 2019ರಲ್ಲಿ ಬ್ರಿಟಿಷ್ ಜರ್ನಲ್ ಆಫ್ ಡರ್ಮಟಾಲಜಿಯಲ್ಲಿ ಬಂದಿದ್ದು. 44 ಜನ, 12 ವಾರ. ಅರ್ಧ ಪರ್ಸೆಂಟ್ ಬಾಕುಚಿಯಾಲ್ ಕ್ರೀಮ್ ದಿನಕ್ಕೆ ಎರಡು ಸಲ ಒಂದು ಗುಂಪಿಗೆ, ಅರ್ಧ ಪರ್ಸೆಂಟ್ ರೆಟಿನಾಲ್ ದಿನಕ್ಕೆ ಒಂದು ಸಲ ಇನ್ನೊಂದು ಗುಂಪಿಗೆ. ಎರಡರಲ್ಲೂ ಸುಕ್ಕು, ಕಲೆ ಕಮ್ಮಿ ಆಯ್ತು, ಎರಡರ ಮಧ್ಯೆ ಹೇಳ್ಕೊಳ್ಳೋ ವ್ಯತ್ಯಾಸ ಇರಲಿಲ್ಲ. ರೆಟಿನಾಲ್ ಹಚ್ಚಿದವರಿಗೆ ಸಿಪ್ಪೆ ಏಳೋದು, ಚುರುಗುಟ್ಟೋದು ಜಾಸ್ತಿ. ಒಳ್ಳೇ ಸುದ್ದಿನೇ. ಆದ್ರೆ 44 ಜನ ಅಂದ್ರೆ ನಮ್ಮ ಕ್ಲಾಸಿನಷ್ಟು. ಮತ್ತೆ ಫಲ ಕಂಡಿದ್ದು 12 ವಾರ ಬಿಡದೆ ಹಚ್ಚಿದ ಮೇಲೆ, ಸೋಮವಾರ ಹಚ್ಚಿ ಸಂಜೆಗಲ್ಲ. ಕೆಲವರಿಗೆ ಬಾಕುಚಿಯಾಲ್‌ನಿಂದಲೂ ಅಲರ್ಜಿ ಆಗಿದ್ದಿದೆ. ಕಿವಿ ಹಿಂದೆಯೋ ಮೊಣಕೈ ಒಳಗೋ ಹಚ್ಚಿ ಒಂದೆರಡು ದಿನ ನೋಡಿ.

ಕೊಳ್ಳೋರು ಲೇಬಲ್ ಹಿಂದೆ ಓದಿ. ಬಾಕುಚಿಯಾಲ್ ಅಂತ ಇದ್ರೆ ಅದು ಶುದ್ಧ ಮಾಡಿದ್ದು. "ಬಾಕುಚಿ ಆಯಿಲ್" ಅಂತಲೋ, ಸೊರಾಲಿಯಾ ಸೀಡ್ ಆಯಿಲ್, ಸೀಡ್ ಎಕ್ಸ್‌ಟ್ರಾಕ್ಟ್ ಅಂತಲೋ ಇದ್ರೆ ಅದು ಬೇರೆ ವಸ್ತು, ಅದರಲ್ಲಿ ಸೊರಾಲೆನ್ ಉಳಿದಿರಬಹುದು. ಮುಂದುಗಡೆ ಎರಡರ ಮೇಲೂ ಅದೇ ಎಲೆ ಚಿತ್ರ ಇರುತ್ತೆ.

ಅಮ್ಮನ್ನ ನೋಡಿದ ಡಾಕ್ಟ್ರು ಸೀರಮ್ ಬಗ್ಗೆ ಕೇಳಿದ್ದಕ್ಕೆ ನಕ್ಕುಬಿಟ್ರು. "12 ವರ್ಷ ಕಿಟಕಿ ಪಕ್ಕ ಕೂತಿದ್ದೀರಿ, ಸನ್‌ಸ್ಕ್ರೀನ್ ಯಾವತ್ತಾದ್ರೂ ಹಚ್ಚಿದ್ದೀರಾ?" ಅಂದ್ರು. ಸುಕ್ಕು, ಕಲೆ ಇವೆರಡರಲ್ಲೂ ಬಿಸಿಲಿನ ಪಾಲು ದೊಡ್ಡದು. ಆಸ್ಟ್ರೇಲಿಯಾದ ನಾಂಬೋರ್ ಅನ್ನೋ ಊರಲ್ಲಿ 55 ದಾಟದ 903 ಜನರನ್ನ ನಾಲ್ಕೂವರೆ ವರ್ಷ ನೋಡಿದ್ರು. ದಿನಾ ಸನ್‌ಸ್ಕ್ರೀನ್ ಹಚ್ಚಿದವರ ಚರ್ಮ ಮುಪ್ಪಾಗಿದ್ದು, ಮನಸ್ಸು ಬಂದಾಗ ಹಚ್ಚಿದವರಿಗಿಂತ ಶೇ. 24ರಷ್ಟು ಕಮ್ಮಿ. 2013ರಲ್ಲಿ ಪ್ರಕಟ ಆಯ್ತು. ಅವರು ಬೆಳ್ಳಗಿನ ಚರ್ಮದವರು, ನಮಗೆ ಅಷ್ಟೇ ಪರ್ಸೆಂಟ್ ಅಂತ ನಾನು ಹೇಳಲ್ಲ. ಆದ್ರೆ ಅಮ್ಮನ ಎಡಗೆನ್ನೆ, ಬಲಗೆನ್ನೆ ಪಕ್ಕ ಪಕ್ಕ ಇಟ್ಟು ನೋಡಿದ್ರೆ, ನನ್ನ ಎಣ್ಣೆಗೂ ಮುಂಚಿನ ಹಳೇ ಫೋಟೋಗಳಲ್ಲೇ, ಕಿಟಕಿ ಕಡೆ ಕೆನ್ನೆ ಒಂದು ಕೈ ಜಾಸ್ತಿ ವಯಸ್ಸಾಗಿದೆ. ಕೊನೇ ಸ್ಲೈಡ್‌ನಲ್ಲಿ ಹಾಕಿದ್ದೀನಿ, ನೋಡಿ.

ಭಾಗ 8

ಪಾಟಿ ಹತ್ರ ನಲಂಗು ಮಾವಿನ ಅಳತೆ ಬರ್ಕೊಳ್ಳೋಕೆ ಹೋಗಿದ್ದೆ, ಪೋಸ್ಟ್ ಮಾಡೋಣ ಅಂತ. ಪಾಟಿ ಕೊಡಲಿಲ್ಲ. "ನಿನ್ನ ಫೋನಿಗೆ ಹೇಳಲ್ಲ, ಮಾಡೋವಾಗ ಬಾ, ಪಕ್ಕ ಕೂತು ನೋಡು" ಅಂದ್ರು.

ಗೋಡೆ ಮೇಲೆ ತಾತನ ಫೋಟೋ ಇದೆ. ಚಾಂಪಿಯನ್ ರೀಫ್‌ನಲ್ಲಿ ಅಂಡರ್‌ಗ್ರೌಂಡ್ ಕೆಲ್ಸ ಮಾಡ್ತಿದ್ರು. ನೆಲದಿಂದ 3 ಕಿಲೋಮೀಟರ್‌ಗಿಂತ ಕೆಳಗೆ ಹೋಗಿರೋ ಗಣಿ ಅದು. ಬಿಸಿಲೇ ನೋಡದ ಶಿಫ್ಟುಗಳು. "ಅವರ ಮುಖ ನೋಡು, 60 ವರ್ಷಕ್ಕೂ ಒಂದು ಗೆರೆ ಇಲ್ಲ" ಅಂದ್ರು ಪಾಟಿ. ಫೋಟೋದಲ್ಲಿ ನಿಜಕ್ಕೂ ನುಣ್ಣಗಿದೆ ಮುಖ. ಆಮೇಲೆ ಪಾಟಿ ತಮ್ಮ ಎದೆ ಮೇಲೆ ಕೈ ಇಟ್ಟು ತೋರಿಸಿದ್ರು. ಕಲ್ಲಿನ ಧೂಳು. ಕೊನೇ ವರ್ಷಗಳಲ್ಲಿ ಮಲಗೋಕೂ ಆಗದೆ, ದಿಂಬಿಗೆ ಒರಗಿ ಕೂತೇ ನಿದ್ದೆ ಮಾಡ್ತಿದ್ರಂತೆ.

ಇದನ್ನ ಮನೆಗೆ ಬಂದು ಅಮ್ಮನಿಗೆ ಹೇಳಿದೆ. ಅವಳು ಊಟದ ಡಬ್ಬಿ ತೊಳೀತಿದ್ಲು. "ಹಂಗಾದ್ರೆ ಗೋಡೌನೇ ವಾಸಿ, ಅಲ್ಲೂ ಬಿಸಿಲಿಲ್ಲ" ಅಂತ ನಕ್ಕಳು. ನನಗೆ ನಗು ಬರಲಿಲ್ಲ.

ಅವಳು ಇನ್ನೂ ಗೋಡೌನಲ್ಲೇ ಇದ್ದಾಳೆ. ಕೆನ್ನೆ ಕಲೆ ಏಪ್ರಿಲ್‌ಗಿಂತ ತಿಳಿಯಾಗಿದೆ, ಪೂರ್ತಿ ಹೋಗೋಕೆ ಇನ್ನೂ ತಿಂಗಳುಗಳಾಗ್ಬೋದು ಅಂದಿದ್ದಾರೆ ಡಾಕ್ಟ್ರು. ಬೆಳಗ್ಗೆ ಸನ್‌ಸ್ಕ್ರೀನ್ ಹಚ್ಕೊಳ್ತಾಳೆ, ಎರಡು ಬೆರಳುದ್ದ. ಮೊದಲ ವಾರ ಕಡಲೆಕಾಳಿನಷ್ಟೇ ತಗೊಳ್ತಿದ್ಲು, ಬೇಗ ಮುಗಿದುಹೋಗುತ್ತೆ ಅಂತ. ರೈಲಲ್ಲಿ ಈಗ ಬಲಗಡೆ, ಒಳಗಿನ ಸೀಟಲ್ಲಿ ಕೂರ್ತಾಳೆ. ಅವಳ ಕಿಟಕಿ ಸೀಟಿಗೆ ಊರಿಗಾಂನಲ್ಲಿ ಹತ್ತೋ ಗಾರ್ಮೆಂಟ್ಸ್ ಹುಡುಗಿ ಬಂದಿದ್ದಾಳಂತೆ. ಅಮ್ಮ ಅವಳಿಗೆ ದಿನಾ ಸೆರಗು ಎಳ್ಕೋ, ಕೆನ್ನೆ ಮುಚ್ಕೋ ಅಂತ ಹೇಳ್ತಾಳಂತೆ. ಅವಳು ಇಯರ್‌ಫೋನ್ ತೆಗೆಯಲ್ವಂತೆ.

ರೀಲ್ ಸೇವ್ ಮಾಡಿಟ್ಕೊಂಡಿರೋರು ಇವತ್ತೇ ಡಿಲೀಟ್ ಮಾಡಿ. ಫ್ಯಾಮಿಲಿ ಗ್ರೂಪಿಗೆ ಕಳ್ಸಿದವರು ಈ ಪೋಸ್ಟನ್ನೂ ಅದೇ ಗ್ರೂಪಿಗೆ ಕಳ್ಸಿ. ಚಿಕ್ಕಮ್ಮ, ನೀವೂ.

#ಬಾವಂಚಿ #ಬಾಕುಚಿಯಾಲ್ #ಕೆಜಿಎಫ್ #ಬಂಗಾರಪೇಟೆ #ಅಮ್ಮ